‘ಪೋರ್ಟ್ ಕ್ಲೋಸ್ಡ್’ ಎಂದು ಬಂದರೆ ನಿಮ್ಮ ಫೋನ್, ಕ್ಯಾಮೆರಾ ಸುರಕ್ಷಿತವೇ?

“ಈ ಲಿಂಕ್ ಒತ್ತಿ ಪೋರ್ಟ್ ಚೆಕ್ ಮಾಡಿ. ‘ಕ್ಲೋಸ್ಡ್’ ಬಂದರೆ ನೀವು ಸೇಫ್. ‘ಓಪನ್’ ಬಂದರೆ ಫೋನ್ ಹ್ಯಾಕ್ ಆಗಿದೆ. ಎಲ್ಲರಿಗೂ ಕಳಿಸಿ.” ಇಂಥ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇದರಲ್ಲಿನ ಎರಡೂ ಮಾತು ತಪ್ಪು. ನಮ್ಮ ಪ್ರಕಾರ ಮೊದಲನೆಯದೇ ಹೆಚ್ಚು ಅಪಾಯಕಾರಿ. ಅದನ್ನು ನಂಬಿದವರು ಮನೆಯ ಸಿಸಿಟಿವಿಯ ಪಾಸ್‌ವರ್ಡ್ ಬದಲಿಸುವ ಗೋಜಿಗೇ ಹೋಗುವುದಿಲ್ಲ.

ಇಲ್ಲಿ ಪೋರ್ಟ್ ಎಂದರೆ ಚಾರ್ಜರ್ ಚುಚ್ಚುವ ಜಾಗವಲ್ಲ, ಬರೀ ಒಂದು ಸಂಖ್ಯೆ. ಒಂದೇ ಸಾಧನದಲ್ಲಿ ಹತ್ತಾರು ಪ್ರೋಗ್ರಾಂಗಳು ನೆಟ್‌ವರ್ಕ್ ಬಳಸುತ್ತಿರುತ್ತವೆ. ಬಂದ ಮಾಹಿತಿ ಯಾವುದಕ್ಕೆ ಸೇರಬೇಕು ಎಂದು ಗುರುತಿಸಲು 0ಯಿಂದ 65535ರವರೆಗಿನ ಈ ಸಂಖ್ಯೆಗಳಿವೆ. ಸುರಕ್ಷಿತ ವೆಬ್‌ಸೈಟ್‌ಗಳಿಗೆ ಸಾಮಾನ್ಯವಾಗಿ 443. ಪೋರ್ಟ್ ‘ಓಪನ್’ ಎಂದರೆ ಆ ಸಂಖ್ಯೆಯಲ್ಲಿ ಯಾವುದೋ ಪ್ರೋಗ್ರಾಂ ಕರೆಗೆ ಓಗೊಡುತ್ತಿದೆ ಎಂದಷ್ಟೇ ಅರ್ಥ. ನೀವು ಈಗ ಓದುತ್ತಿರುವ ಈ ಪುಟ ಬಂದಿದ್ದೂ ಒಂದು ಓಪನ್ ಪೋರ್ಟ್‌ನಿಂದಲೇ!

ಪ್ರಶ್ನೆ ಇರುವುದು ಎಲ್ಲಿಂದ ನೋಡುತ್ತಿದ್ದೇವೆ ಎಂಬುದರಲ್ಲಿ. ‘8ನೇ ಕ್ರಾಸ್ ಖಾಲಿ ಇದೆಯಾ?’ ಎಂದು ಬೆಂಗಳೂರಿನಲ್ಲಿ ಕೇಳಿದರೆ ‘ಮಲ್ಲೇಶ್ವರದ್ದೋ, ಜಯನಗರದ್ದೋ?’ ಎಂಬ ಮರುಪ್ರಶ್ನೆ ಬರುತ್ತದೆ. ಪೋರ್ಟ್ ಸಂಖ್ಯೆಯೂ ಹಾಗೆಯೇ.

ಒಂದೇ ಕಂಪ್ಯೂಟರಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ನೆಟ್‌ವರ್ಕ್ ವಲಯಗಳನ್ನು ಮಾಡಬಹುದು. ಲಿನಕ್ಸ್‌ನಲ್ಲಿ ಇವಕ್ಕೆ ನೆಟ್‌ವರ್ಕ್ ನೇಮ್‌ಸ್ಪೇಸ್ ಎನ್ನುತ್ತಾರೆ, ಓಪನ್‌ಬಿಎಸ್‌ಡಿಯಲ್ಲಿ ರೌಟಿಂಗ್ ಡೊಮೇನ್. ಪ್ರತಿ ವಲಯಕ್ಕೂ ತನ್ನದೇ ವಿಳಾಸಗಳು, ದಾರಿಪಟ್ಟಿ, ಪೋರ್ಟ್‌ಗಳು. ಡಾಕರ್ ಎಂಬ ತಂತ್ರಾಂಶ ಸಾಮಾನ್ಯವಾಗಿ ಪ್ರತಿ ಕಂಟೇನರ್‌ಗೂ ಇಂಥದ್ದೊಂದು ವಲಯ ಕೊಡುತ್ತದೆ. ಹಾಗಾಗಿ ಒಂದೇ ಯಂತ್ರದಲ್ಲಿ ಹತ್ತು ಕಂಟೇನರ್‌ಗಳು 80ನೇ ಪೋರ್ಟ್ ಹಿಡಿದು ಕುಳಿತರೂ ಜಗಳವಿಲ್ಲ.

ತಂತ್ರಾಂಶ ಬರೆಯುವವರೂ ಇಲ್ಲಿ ಎಡವುತ್ತಾರೆ. 8080 ಖಾಲಿ ಇದೆಯೇ ಎಂದು ತಿಳಿಯಲು ಪ್ರೋಗ್ರಾಂ ಅದನ್ನು ಹಿಡಿಯಲು ಪ್ರಯತ್ನಿಸುತ್ತದೆ. ಬೇರೆಯವರು ಹಿಡಿದಿದ್ದರೆ ಆಪರೇಟಿಂಗ್ ಸಿಸ್ಟಂ ‘ವಿಳಾಸ ಬಳಕೆಯಲ್ಲಿದೆ’ ಎನ್ನುತ್ತದೆ. ಆದರೆ ಈ ಉತ್ತರ ಪ್ರೋಗ್ರಾಂ ಓಡುತ್ತಿರುವ ವಲಯಕ್ಕೆ ಮಾತ್ರ ಅನ್ವಯ. ಇನ್ನೊಂದು ವಲಯದ ಸ್ಥಿತಿ ತಿಳಿಯಬೇಕಾದರೆ ಅದರೊಳಗೇ ನಿಂತು ಕೇಳಬೇಕು. ಇನ್ನೊಂದು ತೊಡಕೂ ಇದೆ. ‘ಖಾಲಿ’ ಎಂದು ತಿಳಿದು ಬಿಟ್ಟುಕೊಟ್ಟ ಕ್ಷಣದಲ್ಲೇ ಬೇರೆ ಪ್ರೋಗ್ರಾಂ ಅದನ್ನು ಹಿಡಿಯಬಹುದು, ಬಸ್ಸಿನ ಕಿಟಕಿ ಸೀಟಿನಂತೆ. ಅದಕ್ಕೇ ಅನುಭವಿಗಳು ಮೊದಲು ನೋಡಿ ಆಮೇಲೆ ಹಿಡಿಯುವುದಿಲ್ಲ, ನೇರವಾಗಿ ಹಿಡಿದೇ ನೋಡುತ್ತಾರೆ. ಅಥವಾ 0 ಎಂದು ಕೇಳುತ್ತಾರೆ. ಆಗ ಸಿಸ್ಟಂ ತಾನೇ ಖಾಲಿ ಇರುವುದೊಂದನ್ನು ಆರಿಸಿ ಕೊಡುತ್ತದೆ.

ಈಗ ನಿಮ್ಮ ಫೋನಿಗೆ ಬರೋಣ. ಪೋರ್ಟ್ ಚೆಕ್ ಮಾಡುವ ವೆಬ್‌ಸೈಟ್ ನಿಮ್ಮನ್ನು ಹೊರಗಿನಿಂದ ನೋಡುತ್ತದೆ. ವೈಫೈಯಲ್ಲಿದ್ದರೆ ಅದಕ್ಕೆ ಕಾಣುವುದು ನಿಮ್ಮ ರೌಟರ್. ಎಷ್ಟೋ ಕಡೆ ಅದೂ ಕಾಣುವುದಿಲ್ಲ. ಐಪಿವಿ4 ವಿಳಾಸಗಳ ಕೊರತೆಯಿಂದಾಗಿ ಇಂಟರ್‌ನೆಟ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ ವ್ಯಾನ್ ವಿಳಾಸ 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಶುರುವಾಗಿದ್ದರೆ ನೀವೂ ಆ ಸಾಲಿನಲ್ಲಿದ್ದೀರಿ. ಆಗ ‘ಕ್ಲೋಸ್ಡ್’ ಎಂಬ ಉತ್ತರ ಕಂಪನಿಯ ಯಂತ್ರದ ಬಗ್ಗೆ, ನಿಮ್ಮ ಮನೆಯ ಬಗ್ಗೆ ಅಲ್ಲ. ಜೊತೆಗೆ ಐಪಿವಿ6 ಎಂಬ ಇನ್ನೊಂದು ದಾರಿಯೂ ಇದೆ. ಐಪಿವಿ4ನಲ್ಲಿ ಮುಚ್ಚಿದ್ದು ಅಲ್ಲಿ ತೆರೆದಿರಬಹುದು.

ನಾವೇ ಮನೆಯಲ್ಲಿ ಹೀಗೆ ಮಾಡಿ ನೋಡಿದೆವು. ಒಂದು ಫೋನನ್ನು ಮುಖ್ಯ ವೈಫೈಗೆ, ಇನ್ನೊಂದನ್ನು ಗೆಸ್ಟ್ ವೈಫೈಗೆ ಹಾಕಿ ಎರಡರಲ್ಲೂ ಕ್ಯಾಮೆರಾದ ವಿಳಾಸ ಹೊಡೆದೆವು. ಮೊದಲನೆಯದರಲ್ಲಿ ಲಾಗಿನ್ ಪುಟ ತೆರೆಯಿತು, ಎರಡನೆಯದರಲ್ಲಿ ಏನೂ ಬರಲಿಲ್ಲ. ಕ್ಯಾಮೆರಾ ಅದೇ, ಪೋರ್ಟ್ ಅದೇ.

ಇದು ಬರೀ ತಾಂತ್ರಿಕ ಕುತೂಹಲವಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ 23 ಮತ್ತು 2323ನೇ ಪೋರ್ಟ್‌ಗಳಲ್ಲಿ ಓಗೊಡುವ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಹುಡುಕಿ, ಕಾರ್ಖಾನೆಯಲ್ಲೇ ಇಟ್ಟಿದ್ದ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ಒಳನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಸಾಧನಗಳ ಸೈನ್ಯವೇ ಅಮೆರಿಕದ ಡಿನ್ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಹಲವರಿಗೆ ಸಿಗದಂತಾಯಿತು. ಸಾಧನಗಳ ಮಾಲೀಕರಲ್ಲಿ ಹೆಚ್ಚಿನವರಿಗೆ ಇದರ ಸುಳಿವೂ ಇರಲಿಲ್ಲ.

ಹಾಗಾಗಿ ಲಿಂಕ್ ಒತ್ತುವ ಬದಲು ರೌಟರ್‌ನ ಸೆಟ್ಟಿಂಗ್ಸ್ ತೆರೆಯಿರಿ. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ನೀವು ಹಾಕದ ಸಾಲುಗಳಿವೆಯೇ ನೋಡಿ. ಯುಪಿಎನ್‌ಪಿ ಬೇಡವಾಗಿದ್ದರೆ ಆಫ್ ಮಾಡಿ, ಏಕೆಂದರೆ ಅದಿದ್ದರೆ ಸಾಧನಗಳು ನಿಮ್ಮನ್ನು ಕೇಳದೆಯೇ ಬಾಗಿಲು ತೆರೆಸಿಕೊಳ್ಳಬಲ್ಲವು. ಕ್ಯಾಮೆರಾ ಮತ್ತು ರೌಟರ್, ಎರಡರ ಪಾಸ್‌ವರ್ಡನ್ನೂ ಬದಲಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಡೆವಲಪರ್ ಆಯ್ಕೆಗಳನ್ನು ಎಂದಾದರೂ ಆನ್ ಮಾಡಿದ್ದರೆ, ಅಲ್ಲಿನ ವೈರ್‌ಲೆಸ್ ಡೀಬಗಿಂಗ್ ಆಫ್ ಆಗಿದೆಯೇ ಎಂದು ಒಮ್ಮೆ ನೋಡಿಬಿಡಿ.