ಕವಿ ನಿಲ್ಲಿಸಿದ ಕಡೆ ಪೈಪ್ ಶುರು

ಶೇಮಸ್ ಹೀನಿ ಕವಿತೆ ಓದಿ ಮುಗಿಸುತ್ತಾರೆ. ಅವರ ದನಿ ನಿಂತ ಮೇಲೆ ಲಿಯಾಮ್ ಓಫ್ಲಿನ್ ಅವರ ಇಲನ್ ಪೈಪ್ ಮೇಲೇಳುತ್ತದೆ. ಇದು ಬಾಯಿಂದ ಊದುವ ವಾದ್ಯವಲ್ಲ, ಮೊಣಕೈ ಕೆಳಗಿನ ತಿದಿ ಒತ್ತುತ್ತ ಗಾಳಿ ತುಂಬಬೇಕು. ಹಾಗಾಗಿ ವಾದಕ ಉಸಿರು ತೆಗೆದುಕೊಳ್ಳಲು ನಿಂತರೂ ನಾದ ನಿಲ್ಲುವುದಿಲ್ಲ. ಹೀನಿ ಓದಿದ ‘ದ ಗಿವನ್ ನೋಟ್’ನಲ್ಲಿ ಒಬ್ಬ ಪಿಟೀಲುಗಾರನಿದ್ದಾನೆ. ಐರ್ಲೆಂಡಿನ ಪಶ್ಚಿಮದಂಚಿನ ಬ್ಲಾಸ್ಕೆಟ್ ದ್ವೀಪದಲ್ಲಿ ಒಂಟಿಯಾಗಿದ್ದ ಅವನಿಗೆ ರಾತ್ರಿಯ ಗಾಳಿಯೇ ಒಂದು ಧಾಟಿಯನ್ನು ಕೊಟ್ಟಿತಂತೆ. ಓಫ್ಲಿನ್ ನುಡಿಸುವುದು ಅದೇ ಧಾಟಿಯನ್ನು, ‘ಪೋರ್ಟ್ ನ ಬೂಕಿ’ಯನ್ನು. ದೆವ್ವಗಳ ಧಾಟಿ ಎಂದು ಆ ಹೆಸರಿನ ಅರ್ಥ. ಕವಿತೆ ಹೇಳಿದ್ದನ್ನು ಪೈಪ್ ಕಿವಿಗೇ ತಂದು ಮುಟ್ಟಿಸುತ್ತದೆ.

2003ರ ‘ದ ಪೊಯೆಟ್ ಅಂಡ್ ದ ಪೈಪರ್’ ಎಂಬ ಈ ಆಲ್ಬಂ ನನಗೆ ಇಷ್ಟು ಪ್ರಿಯವಾಗಲು ಕಾರಣ, ಇಲ್ಲಿ ನುಡಿಯೂ ನಾದವೂ ಒಂದಕ್ಕೊಂದು ದಾರಿ ಬಿಡುತ್ತವೆ.

ಕೆಲ್ಟಿಕ್ ನಾಡುಗಳಿಗೆ ಈ ಜೊತೆಗಾರಿಕೆ ಹೊಸದಲ್ಲ. ಗೇಲಿಕ್ ದೊರೆಗಳ ಸಭೆಯಲ್ಲಿ ಕವಿ ಕಟ್ಟಿದ ಪದ್ಯವನ್ನು ವಾಚಕನೊಬ್ಬ ಹಾರ್ಪ್‌ನ ಜೊತೆಗೆ ಹೇಳುತ್ತಿದ್ದ. 17ನೇ ಶತಮಾನದಲ್ಲಿ ಆ ದೊರೆತನಗಳು ಕುಸಿದಾಗ ಸಭೆಯೂ ಚದುರಿತು. ವೇಲ್ಸ್‌ನಲ್ಲಿ ಬೇರೊಂದು ಬಗೆ ಉಳಿದುಕೊಂಡಿದೆ, ‘ಕೆರ್ಡ್ ದಾಂಟ್’. ಅಲ್ಲಿ ಹಾರ್ಪ್ ಮೊದಲು ತನ್ನ ಧಾಟಿ ಹಿಡಿಯುತ್ತದೆ. ಹಾಡುವವರು ತಡವಾಗಿ ಸೇರಿಕೊಂಡು, ಬೇರೆಯೇ ಧಾಟಿಯಲ್ಲಿ ಪದ್ಯ ಹೇಳುತ್ತ ಹೋಗುತ್ತಾರೆ. ಕೊನೆಯಲ್ಲಿ ಎರಡೂ ಒಟ್ಟಿಗೆ ಮುಗಿಯಲೇಬೇಕು.

1902ರ ಹೊತ್ತಿಗೆ ಐರಿಷ್ ಕವಿ ಯೇಟ್ಸ್ ಸಾಲ್ಟರಿ ಎಂಬ ತಂತಿವಾದ್ಯದ ಜೊತೆ ಕವಿತೆ ನುಡಿಸುವ ಪ್ರಯೋಗಕ್ಕೆ ಕೈಹಾಕಿದರು. ವಾದ್ಯ ಮಾಡಿಕೊಟ್ಟವರು ಆರ್ನಲ್ಡ್ ಡಾಲ್ಮೆಚ್, ನುಡಿದವರು ನಟಿ ಫ್ಲಾರೆನ್ಸ್ ಫಾರ್. ಅದು ಬೇರೂರಲಿಲ್ಲ.

ನಿಜವಾಗಿ ನೆಲ ಹದವಾದದ್ದು 1959ರಲ್ಲಿ, ಗ್ಯಾರೆಕ್ ಬ್ರೌನ್ ಡಬ್ಲಿನ್‌ನಲ್ಲಿ ಕ್ಲಾಡಾ ರೆಕಾರ್ಡ್ಸ್ ಶುರುಮಾಡಿದಾಗ. ಅದರ ಮೊದಲ ತಟ್ಟೆ ಪೈಪ್ ವಾದಕ ಲಿಯೋ ರೌಸಮ್ ಅವರದು. ಓಫ್ಲಿನ್‌ಗೆ ಗುರುವಾಗಿದ್ದವರು ಇವರೇ. ಅದೇ ಸಂಸ್ಥೆ ಚೀಫ್ಟನ್ಸ್ ತಂಡವನ್ನೂ ಪ್ಯಾಟ್ರಿಕ್ ಕಾವನಾ, ಸಾರ್ಲೆ ಮಕ್ಲೇನ್‌ರಂಥ ಕವಿಗಳ ದನಿಯನ್ನೂ ಮುದ್ರಿಸಿತು. ಕವಿಯ ಉಚ್ಚಾರಣೆಯೂ ಪೈಪಿನ ನಾದದಷ್ಟೇ ಜೋಪಾನ ಮಾಡಬೇಕಾದದ್ದು ಎಂದು ತಿಳಿದ ಆ ಸಂಸ್ಥೆಗೆ ನಾವೆಲ್ಲ ಋಣಿಗಳು. ಜಾನ್ ಮಾಂಟೆಗ್ಯೂ ಅವರ ದೀರ್ಘ ಕಾವ್ಯ ‘ದ ರಫ್ ಫೀಲ್ಡ್’ಗೆ ಚೀಫ್ಟನ್ಸ್ ಸಂಗೀತ ಒದಗಿಬಂದದ್ದೂ ಈ ಬಳಗದಲ್ಲೇ.

1988ರಲ್ಲಿ ವಾಟರ್‌ಬಾಯ್ಸ್ ತಂಡ ಯೇಟ್ಸ್‌ರ ‘ದ ಸ್ಟೋಲನ್ ಚೈಲ್ಡ್’ ಅನ್ನು ಎತ್ತಿಕೊಂಡಿತು. ಪಲ್ಲವಿಯನ್ನು ಮೈಕ್ ಸ್ಕಾಟ್ ಹಾಡುತ್ತಾರೆ, ಚರಣಗಳನ್ನು ಗಾಲ್ವೇ ಸೀಮೆಯ ಸಾಂಪ್ರದಾಯಿಕ ಗಾಯಕ ಟೊಮಾಸ್ ಮಕ್ ಓಯಿನ್ ನುಡಿಯುತ್ತಾರೆ. ಹಾಡುಗಾರನಿಗೇ ಮಾತು ಒಪ್ಪಿಸಿದ್ದರಿಂದ ಆ ಮಾತಿನೊಳಗೆ ಲಯ ತಾನಾಗಿ ಕೂತಿದೆ.

ಸ್ಕಾಟ್ಲೆಂಡಿನ ಮಾರ್ಟಿನ್ ಬೆನೆಟ್ ಮಾಡಿದ್ದು ಇನ್ನೂ ಎದೆಗಾರಿಕೆಯ ಕೆಲಸ. ಮಕ್ಲೇನ್ 1996ರಲ್ಲಿ ತೀರಿಕೊಂಡರು. ಮರುವರ್ಷದ ‘ಬಾತಿ ಕಲ್ಚರ್’ ಆಲ್ಬಂನಲ್ಲಿ ಬೆನೆಟ್, ಮಕ್ಲೇನ್‌ರ ದನಿಯಲ್ಲೇ ‘ಹಾಲಿಗ್’ ಕವಿತೆಯನ್ನು ಕೇಳಿಸಿದರು. ಹಾಲಿಗ್ ರಾಸೇ ದ್ವೀಪದ ಒಂದು ಹಳ್ಳಿ. 19ನೇ ಶತಮಾನದಲ್ಲಿ ಅಲ್ಲಿದ್ದವರನ್ನೆಲ್ಲ ಒಕ್ಕಲೆಬ್ಬಿಸಲಾಯಿತು. ಪಾಳುಬಿದ್ದ ಆ ಊರಿನ ಮರಗಳಲ್ಲಿ ಕವಿ ಅಲ್ಲಿಯ ಹೆಣ್ಣುಮಕ್ಕಳನ್ನು ಕಾಣುತ್ತಾರೆ. ಊರು ಹೋಗಿದೆ, ಕವಿಯೂ ಹೋಗಿದ್ದಾರೆ, ದನಿ ಮಾತ್ರ ಹೊಸ ಕಾಲದ ವಾದ್ಯಗಳ ನಡುವೆ ನಡೆದು ಬರುತ್ತದೆ. ಮೊದಲ ಸಲ ಕೇಳಿದಾಗ ನಾನು ತಟ್ಟನೆ ಮುಂದಿನ ಹಾಡಿಗೆ ಹೋಗಲಾರದೆ ಸುಮ್ಮನೆ ಕೂತಿದ್ದೆ.

ಇದೇ ಹಾದಿಯಲ್ಲಿ ಎಲ್ಲ ಆಲ್ಬಂಗಳೂ ಗೆಲ್ಲುವುದಿಲ್ಲ. ಕವಿತೆಯ ಕೆಳಗೆ ಹಾರ್ಪ್‌ನ ಮೆದು ನಾದವನ್ನು ಹಾಸಿಬಿಟ್ಟರೆ ಎರಡೂ ಸೊರಗುತ್ತವೆ. ಕ್ಯಾರಿನ್ ಪೋಲ್ವಾರ್ಟ್ ಮತ್ತು ಪಿಪ್ಪಾ ಮರ್ಫಿ ಅವರ 2017ರ ‘ಎ ಪಾಕೆಟ್ ಆಫ್ ವಿಂಡ್ ರೆಸಿಸ್ಟೆನ್ಸ್’ ಈ ಬಲೆಗೆ ಬೀಳಲಿಲ್ಲ. ಎಡಿನ್‌ಬರೋ ಬಳಿಯ ಫಾಲಾ ಜೌಗುನೆಲ, ತಾಯ್ತನದ ಕಥೆಗಳು, ಹಳೆಯ ಲಾವಣಿಗಳು, ಶರತ್ಕಾಲಕ್ಕೆ ಉತ್ತರದಿಂದ ಬಂದಿಳಿಯುವ ಹೆಬ್ಬಾತುಗಳು ಅಲ್ಲಿ ಸರದಿಯಂತೆ ಬರುತ್ತವೆ. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಮೊದಲಾಯಿತೆಂದು ಗೊತ್ತಾಗುವಷ್ಟರಲ್ಲಿ, ಹಾರುವ ಸಾಲಿನಲ್ಲಿ ಗಾಳಿಗೆ ಎದೆಯೊಡ್ಡಿದ್ದ ಮುಂದಿನ ಹೆಬ್ಬಾತು ಹಿಂದೆ ಸರಿದು ಇನ್ನೊಂದು ಮುಂದೆ ಬಂದಿರುತ್ತದೆ.