ಎಂಜಿನ್ ತಣ್ಣಗಿತ್ತೇನೋ? – ಬುಲೆಟ್ ಟ್ಯಾಪೆಟ್ಟಿನ ಚರಿತ್ರೆ



ಇವತ್ತು ರಾಜರ ಚರಿತ್ರೆಯಲ್ಲ, ಯುದ್ಧದ ಚರಿತ್ರೆಯೂ ಅಲ್ಲ. ಒಂದು ಸಂದಿನ ಚರಿತ್ರೆ ಹೇಳುತ್ತೇನೆ. ಬೈಕಿನ ಎಂಜಿನ್ನಿನೊಳಗೆ ವಾಲ್ವನ್ನು ತಳ್ಳುವ ಭಾಗಗಳ ನಡುವೆ ಬಿಡುವ, ಕೂದಲೆಳೆಯಷ್ಟು ಜಾಗದ ಕಥೆ ಇದು. ಇಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರ ಮನೆಯ ಆಲ್ಬಮ್ಮಿನಲ್ಲಿ ಅಪ್ಪನೋ ಸೋದರಮಾವನೋ ಬುಲೆಟ್ ಪಕ್ಕ ಗತ್ತಿನಿಂದ ನಿಂತ ಫೋಟೋ ಇರಬಹುದು. ಆ ಗತ್ತಿನ ಹಿಂದೆ ಭಾನುವಾರದ ಬೆಳಗೊಂದು ಇರುತ್ತಿತ್ತು. ಅದು ಫೋಟೋದಲ್ಲಿ ಕಾಣುವುದಿಲ್ಲ.

ಮೊದಲು ಸಂದು ಯಾಕೆ ಬೇಕು ಅಂತ ನೋಡೋಣ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಎರಡು ಬಾಗಿಲು. ಒಂದು ಪೆಟ್ರೋಲು–ಗಾಳಿ ಒಳಗೆ ಬರಲು, ಇನ್ನೊಂದು ಹೊಗೆ ಹೊರಗೆ ಹೋಗಲು. ಈ ಬಾಗಿಲುಗಳೇ ವಾಲ್ವ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಲೋಹ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಲು ಜಾಗ ಬಿಡದಿದ್ದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ವಾಲ್ವ್ ತನ್ನ ಬಿಸಿಯನ್ನು ಕಳೆದುಕೊಳ್ಳುವುದೇ ಹೆಚ್ಚಾಗಿ ಮುಚ್ಚಿ ಕೂತ ಗಳಿಗೆಯಲ್ಲಿ, ತಾನು ಕೂರುವ ಸೀಟಿನ ಮೂಲಕ. ಕೂರಲು ಬಿಡದಿದ್ದರೆ ಅದು ಸುಟ್ಟುಹೋಗುತ್ತದೆ.

ಶುರುವಿನಲ್ಲಿ ಈ ತಾಪತ್ರಯ ಅರ್ಧವೇ ಇತ್ತು. 1885ರಲ್ಲಿ ಜರ್ಮನಿಯಲ್ಲಿ ಡೈಮ್ಲರ್ ಮತ್ತು ಮೇಬಾಖ್ ಮರದ ಚೌಕಟ್ಟಿನ ಗಾಡಿಗೆ ಎಂಜಿನ್ ಕೂರಿಸಿದಾಗ, ಒಳಬಾಗಿಲು ಪಿಸ್ಟನ್ನಿನ ಎಳೆತಕ್ಕೆ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಹೊರಬಾಗಿಲನ್ನು ಮಾತ್ರ ಯಂತ್ರ ತಳ್ಳುತ್ತಿತ್ತು. ವೇಗ ಹೆಚ್ಚಬೇಕಾದಾಗ ಎರಡನ್ನೂ ತಳ್ಳಲೇಬೇಕಾಯಿತು. ಸಂದು ನೋಡಿಕೊಳ್ಳುವುದು ಸವಾರನ ಕೆಲಸವಾಯಿತು.

ಈಗ ನಮ್ಮ ಬುಲೆಟ್ಟಿಗೆ ಬರೋಣ. ವೂಸ್ಟರ್‌ಶೈರಿನ ರೆಡಿಚ್ ಊರಿನಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ 1932ರಲ್ಲಿ ಈ ಹೆಸರನ್ನು ಮೊದಲು ಬಳಸಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ರೆಡಿಚ್ ಕಾರ್ಖಾನೆ ಮುಚ್ಚಿಹೋಯಿತು, ಮದ್ರಾಸಿನದು ನಡೆಯುತ್ತಲೇ ಇತ್ತು. 1977ರಲ್ಲಿ ಮದ್ರಾಸಿನ ಬುಲೆಟ್ಟುಗಳು ಹಡಗು ಹತ್ತಿ ಇಂಗ್ಲೆಂಡಿಗೇ ಮಾರಾಟಕ್ಕೆ ಬಂದವು. ತವರಿಗೆ ಬಂದ ಮಗಳ ಹಾಗೆ ಅಂತ ಬೇಕಾದರೆ ಅಂದುಕೊಳ್ಳಿ. ಬರುವಾಗ ಹಳೆಯ ಅಭ್ಯಾಸವನ್ನೂ ತಂದವು. ಅವುಗಳ ಟ್ಯಾಪೆಟ್ ಹೊಂದಿಸುವ ಬಗೆ ರೆಡಿಚ್ಚಿನ ಕಾಲದ್ದೇ ಆಗಿತ್ತು.

ಆ ಬಗೆ ಹೀಗೆ. ಬಲಗಡೆ ಸಿಲಿಂಡರಿನ ಬುಡದ ಸಣ್ಣ ಮುಚ್ಚಳ ಬಿಚ್ಚಬೇಕು. ಪಿಸ್ಟನ್ ಮೇಲಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಒಳಗೆ ಎರಡು ಪುಶ್‌ರಾಡ್ ನಿಂತಿರುತ್ತವೆ. ಬೆರಳಿನಿಂದ ತಿರುವಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಬಾರದು. ಅಷ್ಟೇ ಅಳತೆ. ಲಾಕ್‌ನಟ್ ಬಿಗಿ ಮಾಡುವಾಗ ಹೊಂದಿಸಿದ್ದು ಜರುಗುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ತಿರುವಿ ನೋಡಬೇಕು. ಎಂಜಿನ್ ಮಾತ್ರ ಪೂರ್ತಿ ತಣ್ಣಗಿರಬೇಕು.

ಈ ಕೊನೆಯ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ಪಿಯುಸಿ ಓದುತ್ತಿದ್ದಾಗ ಒಂದು ಸಂಜೆ ಸುತ್ತಾಡಿ ಬಂದವನೇ, ಅಪ್ಪನಿಗೆ ಹೇಳದೆ, ಬಿಸಿ ಎಂಜಿನ್ನಿನ ಟ್ಯಾಪೆಟ್ ಬಿಗಿ ಮಾಡಿದೆ. ಮರುದಿನ ಬೆಳಿಗ್ಗೆ ಅಪ್ಪ ಆಫೀಸಿಗೆ ಹೊರಟು ಕಿಕ್ ಹೊಡೆದರೆ ಕಿಕ್ಕರ್ ಪುಸಕ್ಕನೆ ಕೆಳಗಿಳಿಯಿತು. ಕಂಪ್ರೆಷನ್ನೇ ಇಲ್ಲ. ಅಪ್ಪ ಬೈಯಲಿಲ್ಲ. "ಎಂಜಿನ್ ತಣ್ಣಗಿತ್ತೇನೋ?" ಅಂತ ಒಂದೇ ಮಾತು ಕೇಳಿ, ಬಸ್ ಹಿಡಿದು ಹೋದರು.

ಆಗಿದ್ದು ಇಷ್ಟು. ಬುಲೆಟ್ಟಿನಲ್ಲಿ ಸಿಲಿಂಡರು ಬಿಸಿಯಾಗಿ ಎತ್ತರವಾಗುತ್ತದೆ. ಪುಶ್‌ರಾಡ್ ಅಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ಓಡುವಾಗ ಸಂದು ತಾನೇ ಹುಟ್ಟುತ್ತದೆ. ನಾನು ಆ ಹುಟ್ಟಿದ ಸಂದನ್ನು ಮುಚ್ಚಿದ್ದೆ. ರಾತ್ರಿ ಸಿಲಿಂಡರು ತಣಿದು ಕುಗ್ಗಿದಾಗ ವಾಲ್ವ್ ಬಾಯಿ ತೆರೆದೇ ನಿಂತಿತ್ತು.

ಎಲ್ಲ ಎಂಜಿನ್ನೂ ಹೀಗಲ್ಲ. 1969ರ ಹೋಂಡಾ ಸಿಬಿ750ರಲ್ಲಿ ಕ್ಯಾಮ್ ತಲೆಯ ಮೇಲಿದೆ. ತಣ್ಣಗಿರುವಾಗ ಒಳಬಾಗಿಲಿಗೆ 0.05 ಮಿಲಿಮೀಟರ್, ಹೆಚ್ಚು ಕಾಯುವ ಹೊರಬಾಗಿಲಿಗೆ 0.08 ಮಿಲಿಮೀಟರ್ ಬಿಡಬೇಕು. ಇನ್ನು ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳಿಗೆ ಈ ಗೋಜೇ ಇರಲಿಲ್ಲ. ಅವು ಟೂ ಸ್ಟ್ರೋಕ್. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. ಭಾನುವಾರ ಅಪ್ಪ ಸ್ಪ್ಯಾನರ್ ಹಿಡಿದು ಕೂತರೆ ಪಕ್ಕದ ಮನೆಯ ಯೆಜ್ಡಿಯವರು ಕಾಫಿ ಹಿಡಿದು ನೋಡಲು ಬರುತ್ತಿದ್ದರು.

ಆಮೇಲೆ ಈ ಕೆಲಸ ಸವಾರನ ಕೈಬಿಟ್ಟಿತು. ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಹಾರ್ಲೆ ಡೇವಿಡ್‌ಸನ್ನಿನಲ್ಲಿ 1948ರಲ್ಲೇ ಬಂದಿತ್ತು. ಭಾರತದಲ್ಲಿ 2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ನಲ್ಲೂ ಅದೇ ಇತ್ತು. ಭಾನುವಾರ ಉಳಿಯಿತು. ಅದರ ಜೊತೆಗೆ ಬೈಕಿನ ಸದ್ದು ಕೇಳಿ ಅದರ ಆರೋಗ್ಯ ಹೇಳುವ ಕಿವಿಯೂ ಹೋಯಿತು ಅಂತ ನನಗೆ ಅನ್ನಿಸುತ್ತದೆ.

ಯಾಕೆಂದರೆ ಆ ಕಿವಿ ಒಂದು ವಿಚಿತ್ರ ಪಾಠ ಹೇಳುತ್ತಿತ್ತು. ಟ್ಯಾಪೆಟ್ ಸಡಿಲವಾದರೆ ಟಕ್ ಟಕ್ ಅನ್ನುತ್ತದೆ, ಎಲ್ಲರಿಗೂ ಕೇಳುತ್ತದೆ. ಬಿಗಿಯಾದರೆ ಸದ್ದೇ ಇಲ್ಲ, ಎಂಜಿನ್ ಬಹಳ ನುಣುಪಾಗಿ ಓಡುತ್ತಿದೆ ಅನ್ನಿಸುತ್ತದೆ. ವಾಲ್ವ್ ಸುಡುವುದು ಆಗಲೇ. ಹೊಸಬರು ಟಕ್ ಟಕ್ ಕೇಳಿ ಹೆದರುತ್ತಾರೆ, ಹಳಬರು ಆ ಸದ್ದು ನಿಂತರೆ ಹೆದರುತ್ತಿದ್ದರು.

ಹೋದ ಚಳಿಗಾಲ ಇಲ್ಲಿನ ನಮ್ಮ ಗ್ಯಾರೇಜಿನಲ್ಲಿ ಒಂದು ಹಳೆಯ ಬುಲೆಟ್ಟಿನ ಮುಚ್ಚಳ ಬಿಚ್ಚಿದ್ದೆ. ಹದಿನಾರು ವರ್ಷದ ಮಗಳು ಫೋನು ಕೆಳಗಿಟ್ಟು ಬಂದು ಪುಶ್‌ರಾಡ್ ತಿರುವಿ ನೋಡಿದಳು. "ಇದು ತಿರುಗ್ತಿದೆ, ಆದರೆ ಸ್ವಲ್ಪ ಅಲುಗಾಡ್ತಿದೆ ಅಪ್ಪಾ" ಅಂದಳು. ನಾನು ಮುಟ್ಟಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಸ್ಪ್ಯಾನರ್ ಅವಳ ಕೈಗೆ ಕೊಟ್ಟೆ.

ನಿಮ್ಮ ಮನೆಯ ಫೋಟೋದಲ್ಲೂ ಬುಲೆಟ್ ಇದ್ದರೆ, ಅದರ ಟ್ಯಾಪೆಟ್ ಯಾರು ಹೊಂದಿಸುತ್ತಿದ್ದರು ಅಂತ ಈ ವಾರ ಮನೆಯಲ್ಲಿ ಕೇಳಿ.