ಹಾಲುಹಲ್ಲಿನಿಂದ ನಾಲ್ಕು ಹಲ್ಲಿಗೆ

ಹಳೇ ಮೈಸೂರಿನ ದನಗಳ ಚರಿತ್ರೆ ಎಂದರೆ ಬಹುಪಾಲು ಅರಮನೆಯ ಚರಿತ್ರೆಯೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನದ ಇಲಾಖೆ, ಅದಕ್ಕೆ ಟಿಪ್ಪು ಇಟ್ಟ ಅಮೃತಮಹಲ್ ಎಂಬ ಹೆಸರು, ಫಿರಂಗಿ ಎಳೆದ ಎತ್ತುಗಳು, ಖರ್ಚು ಹೆಚ್ಚಾಯಿತೆಂದು ಬ್ರಿಟಿಷರು 1860ರಲ್ಲಿ ಮಂದೆ ಮಾರಿ 1866ರಲ್ಲಿ ಮತ್ತೆ ಕಟ್ಟಿದ್ದು, ಎಲ್ಲವೂ ದಾಖಲಾಗಿದೆ. ಅದೇ ಸೀಮೆಯ ಸಣ್ಣ ರೈತ ಹಳ್ಳಿಕಾರ್ ತಳಿಯ ಹೋರಿ ಮೇಯಿಸಿ ಮಾರಿ ಸಂಸಾರ ತೂಗಿಸಿದ ಬಗೆಯನ್ನು ಬರೆದಿಟ್ಟವರು ಕಡಿಮೆ.

ಕಸುಬಿನ ಲೆಕ್ಕ ಸರಳವಾಗಿತ್ತು. ಹಾಲುಹಲ್ಲಿನ ಕರು ತಂದು, ಬಣ್ಣ, ಎತ್ತರ, ಕೊಂಬು ಹೊಂದುವ ಇನ್ನೊಂದನ್ನು ಹುಡುಕಿ ಜೋಡಿ ಮಾಡಬೇಕು. ಒಂಟಿ ಕರುವಿಗಿಲ್ಲದ ಬೆಲೆ ಜೋಡಿಗೆ ಬರುತ್ತಿತ್ತು. ರೈತನ ಕಣ್ಣಿನ ಪಳಗಿಕೆ ಇರುವುದೇ ಇಲ್ಲಿ. ರಾಗಿಹುಲ್ಲು, ನೆನೆಸಿದ ಹುರುಳಿ, ಹಿಂಡಿ ಕೊಟ್ಟು ಮೈ ತುಂಬಿಸಿ, ಹಗುರ ಉಳುಮೆಗೆ ಹೂಡಿ ಪಳಗಿಸುತ್ತಿದ್ದರು. ಹಾಲುಹಲ್ಲು ಉದುರಿ ಎರಡು ಹಲ್ಲೋ ನಾಲ್ಕು ಹಲ್ಲೋ ಆದಾಗ ಮಾರಿ, ಮತ್ತೆ ಎಳೆಯ ಜೋಡಿ ಹಿಡಿಯುತ್ತಿದ್ದರು. ನಡುವೆ ಉಳಿದ ಹಣವೇ ಮದುವೆಗೆ, ಸಾಲಕ್ಕೆ.

ಮಾರಾಟಕ್ಕೆ ಜಾತ್ರೆ. ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಘಾಟಿ ಸುಬ್ರಹ್ಮಣ್ಯ, ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆ, ಆಮೇಲೆ ಮುಡುಕುತೊರೆ, ಶಿವರಾತ್ರಿಗೆ ಸಿದ್ಧಗಂಗೆ. ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ ಕೊಳ್ಳುವವರು ಬರುತ್ತಿದ್ದರು. ಬಂದವನು ಮೊದಲು ವಯಸ್ಸು ತಿಳಿಯಲು ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಹಣೆ, ಬೆನ್ನು ಸವರಿ ಒಳ್ಳೆಯ, ಕೆಟ್ಟ ಸುಳಿ ಹುಡುಕುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಅವನ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ಅಂಕಿ ಗೊತ್ತಾಗುವುದಿಲ್ಲ.

ಈ ಕಸುಬು ಕುಗ್ಗಿದ್ದಕ್ಕೆ ರೈತನ ಆಸೆ ಬದಲಾದದ್ದೇ ಕಾರಣ ಎನ್ನುವವರಿದ್ದಾರೆ. ಅದು ಅನ್ಯಾಯದ ಮಾತು. ಹೋರಿ ತಿಂದ ಹುರುಳಿಯ ಋಣವನ್ನು ಅದರ ಉಳುಮೆಯೇ ತೀರಿಸುತ್ತಿತ್ತು. ಟಿಲ್ಲರ್, ಟ್ರ್ಯಾಕ್ಟರ್ ಬಂದಮೇಲೆ ಮೇವು ಬರೀ ಖರ್ಚಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಶುರುವಾಗಿ, ಊರೂರಲ್ಲಿ ಹಾಲಿನ ಡೇರಿ ಎದ್ದಿತು. ಎರಡು ವರ್ಷ ಕಾಯಬೇಕಾದ ಹೋರಿಯ ಗೊಂತಿನಲ್ಲಿ ಹಾಲಿನ ಬಟವಾಡೆ ತರುವ ಸೀಮೆಹಸು ನಿಂತಿತು.

ಕಸುಬು ಕುಗ್ಗಿದರೂ ತಳಿಯ ಹೆಸರು ಮಾಸಲಿಲ್ಲ. 2000ರಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಜಾತ್ರೆಗಳಲ್ಲಿ ಇಂದಿಗೂ ಲಕ್ಷಗಟ್ಟಲೆ ಬೆಲೆಯ ಜೋಡಿಗಳು ಶಾಮಿಯಾನದಡಿ ನಿಲ್ಲುತ್ತವೆ, ಗಾಡಿ ಓಟಕ್ಕೆಂದು ಕೊಳ್ಳುವವರೂ ಇದ್ದಾರೆ. ಆದರೆ ಅಂಥ ಜೋಡಿ ಸಾಕಲು ಕೈಯಲ್ಲಿ ಮೊದಲೇ ಹಣ ಬೇಕು. ಎರಡು ಎಕರೆಯವನು ಹಾಲುಹಲ್ಲಿನ ಕರು ಹಿಡಿದು ಶುರುಮಾಡುವ ವ್ಯಾಪಾರ ಅದಲ್ಲ.